ಹುಂಜ ಇದ್ದಕ್ಕಿದ್ದ ಹಾಗೆ ಜಡ್ಡಾದರೆ: ಮಲೆನಾಡಿನಲ್ಲಿ ಮನೆಕೋಳಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಆ ಕಡೆ ಕೊಪ್ಪ, ಶೃಂಗೇರಿ ತನಕ ನಾಟಿ ಕೋಳಿ ಸಾಕುವವರು ಸಿಕ್ಕಾಗ ಮಾತು ಕೊನೆಗೆ ಬಂದು ನಿಲ್ಲುವುದು ಇಲ್ಲೇ: "ಹುಂಜಕ್ಕೆ ಏನಾಯ್ತು ಅಂತಾನೇ ಗೊತ್ತಾಗಲಿಲ್ಲ." ಫೋನಲ್ಲಿ, ಪತ್ರದಲ್ಲಿ, ಲಸಿಕೆ ಹಾಕುವ ದಿನ ಅಂಗಳದಲ್ಲಿ ನಿಂತು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಪಶುವೈದ್ಯನಲ್ಲ. ಕೋಳಿ ಸಾಕುವವನು, ಊರಲ್ಲಿ ಲಸಿಕೆ ಹಾಕಿಸಲು ಓಡಾಡುವವನು. ಔಷಧಿಯ ಪ್ರಮಾಣ ಬೇಕಾದಲ್ಲೆಲ್ಲ ಡಾಕ್ಟರನ್ನು ಕೇಳಿ ಎಂದೇ ಬರೆದಿದ್ದೇನೆ, ಅದು ತಪ್ಪಿಸಿಕೊಳ್ಳುವ ಮಾತಲ್ಲ.

## ಮೊದಲ ಗಂಟೆ

ನಿನ್ನೆ ಸಂಜೆ ತನಕ ಚೆನ್ನಾಗೇ ಇತ್ತು, ಬೆಳಿಗ್ಗೆ ನೋಡಿದ್ರೆ ಮುದುಡಿ ಕೂತಿದೆ. ಈಗ ಮೊದಲು ಏನು ಮಾಡ್ಲಿ?

ಬೇರೆ ಮಾಡಿ. ಯಾವ ರೋಗ, ಯಾವ ಔಷಧಿ ಎನ್ನುವುದು ಆಮೇಲೆ. ಒಂದು ಪಂಜರವೋ ದೊಡ್ಡ ಬುಟ್ಟಿಯೋ ಸಿಕ್ಕರೆ ಸಾಕು, ಅದರಲ್ಲಿ ಹುಂಜವನ್ನು ಹಾಕಿ ಉಳಿದ ಕೋಳಿಗಳಿಂದ ದೂರ, ಗಾಳಿ ಆಡುವ, ಒಣಗಿದ, ಸ್ವಲ್ಪ ಬೆಚ್ಚಗಿರುವ ಜಾಗದಲ್ಲಿಡಿ. ಅಡುಗೆಮನೆ ಬೇಡ, ಮಕ್ಕಳು ಓಡಾಡುವ ಜಗುಲಿಯೂ ಬೇಡ. ಕುಡಿಯಲು ನೀರಿಡಿ, ಓಆರ್‌ಎಸ್ ಪುಡಿ ಇದ್ದರೆ ಕಲಸಿ ಇಡಿ. ತಾನಾಗಿ ಕುಡಿದರೆ ಕುಡಿಯಲಿ.

ಆಮೇಲೆ ಉಳಿದ ಕೋಳಿಗಳ ಕಡೆ ತಿರುಗಿ. ಎಲ್ಲರೂ ಬಿಡುವುದು ಇದನ್ನೇ. ಜಡ್ಡಾದ ಹುಂಜದ ಸುತ್ತ ಮನೆಯವರೆಲ್ಲ ಕೂತಿರುತ್ತಾರೆ, ಅದು ಕುಡಿದ ನೀರಿನ ಬಾಣಲೆಯಲ್ಲೇ ಮರಿಗಳು ನೀರು ಕುಡಿಯುತ್ತಿರುತ್ತವೆ. ಆ ಬಾಣಲೆ ತೊಳೆದು ಬಿಸಿಲಿಗಿಡಿ, ಹಳೆ ಮೇವು ತೆಗೆಯಿರಿ. ಇನ್ನು ಮೇಲೆ ಮೊದಲು ಗಟ್ಟಿ ಇರುವ ಕೋಳಿಗಳ ಕೆಲಸ, ಕೊನೆಗೆ ಜಡ್ಡಿನದ್ದು. ಮುಗಿದ ಮೇಲೆ ಕೈಗೂ ಚಪ್ಪಲಿಗೂ ಸೋಪು ನೀರು.

ಆಮೇಲೆ ಫೋನ್ ತೆಗೆದು ಒಂದು ವಿಡಿಯೋ ಮಾಡಿ: ಉಸಿರಾಡುವುದು, ನಿಲ್ಲುವುದು, ಹಿಕ್ಕೆ, ಜುಟ್ಟಿನ ಬಣ್ಣ. ಡಾಕ್ಟರಿಗೆ "ಒಂಥರಾ ಇದೆ" ಅನ್ನುವುದಕ್ಕಿಂತ ಇದು ಎಷ್ಟೋ ಉಪಯೋಗ.

ನಿಜವಾಗ್ಲೂ ಒಂದೇ ರಾತ್ರೀಲಿ ಇಷ್ಟಾಗುತ್ತಾ?

ಕೆಲವು ಸಲ ಹೌದು. ವಿಷ, ಹಾವು, ಏಪ್ರಿಲ್–ಮೇ ಬಿಸಿಲಿನ ಸೆಕೆ, ಕೋಳಿ ಕಾಲರಾದ ಜೋರಾದ ರೂಪ, ಇವು ನಿಜಕ್ಕೂ ಗಂಟೆಗಳ ಲೆಕ್ಕದಲ್ಲಿ ಮುಗಿಸುತ್ತವೆ. ಆದರೆ ಜಾಸ್ತಿ ಸಲ ಜಡ್ಡು ಮೂರು ನಾಲ್ಕು ದಿನದಿಂದ ಇರುತ್ತದೆ, ಹುಂಜ ತೋರಿಸಿರುವುದಿಲ್ಲ. ಮಂಕಾಗಿ ಕಂಡ ಪ್ರಾಣಿಯನ್ನು ಹಿಡಿಯುವವರು ಇರುವ ಕಡೆ ಹುಟ್ಟಿದ ಜೀವ ಅದು, ಆಗುವಷ್ಟು ದಿನ ಗಟ್ಟಿಯಾಗಿಯೇ ನಿಲ್ಲುತ್ತದೆ.

ನೋಡಲು ಗೊತ್ತಿದ್ದರೆ ಮೊದಲೇ ಸಿಗುತ್ತದೆ. ಬೆಳಗಿನ ಕೂಗು ನಿಂತಿತಾ? ಗೂಡಿನ ಬಾಗಿಲು ತೆಗೆದಾಗ ಕೊನೆಗೆ ಬಂತಾ? ಕಾಳು ಕಂಡರೆ ಹೇಂಟೆಗಳನ್ನು ಕರೆಯುವ ಹುಂಜ ಸುಮ್ನೆ ನಿಂತಿತಾ? ರಾತ್ರಿ ಕೂರುವ ಜಾಗ ಬದಲಾಗಿ ಕೆಳಗಿನ ಕೋಲಿಗೆ ಬಂತಾ? ವಾರಕ್ಕೊಮ್ಮೆ ಎತ್ತಿ ಎದೆ ಮುಟ್ಟಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ, ಎದೆಮೂಳೆ ಕತ್ತಿಯ ಹಾಗೆ ಕೈಗೆ ಸಿಗುತ್ತಿದ್ದರೆ ಆ ಕೋಳಿ ವಾರಗಳಿಂದ ಇಳಿಯುತ್ತಿದೆ ಎಂದೇ ಅರ್ಥ. ಜಂತುಹುಳವೋ ಬೇರೇನೋ, ಆದರೆ ಅದು ನಿನ್ನೆಯದ್ದಲ್ಲ.

ಹುಂಜಕ್ಕೇ ಯಾಕೆ ಮೊದಲು ಬರೋದು? ಹೇಂಟೆಗಳೆಲ್ಲ ಆರಾಮಾಗಿವೆ.

ಹುಂಜವನ್ನೇ ಹುಡುಕಿಕೊಂಡು ಬರುವ ರೋಗ ಅಂತ ಇಲ್ಲ. ಆದರೆ ಅದರ ಬದುಕು ಬೇರೆ. ಪಕ್ಕದ ಮನೆ ಹುಂಜದ ಜೊತೆ ಕಾದಾಡುತ್ತದೆ, ಜುಟ್ಟಿನಲ್ಲಿ ಗಾಯ ಆಗುತ್ತದೆ, ಗಾಯದಿಂದ ರೋಗ ಒಳಗೆ ಹೋಗುತ್ತದೆ. ತೋಟದ ಬೇಲಿ ದಾಟಿ ದೂರ ಹೋಗುತ್ತದೆ. ಹಾವು ಬಂದರೆ ಎದುರಿಗೆ ನಿಲ್ಲುವುದೂ ಅದೇ. ಜೊತೆಗೆ ನಾವು ಹೊಸದಾಗಿ ಕೊಂಡು ತರುವುದು ಹುಂಜವನ್ನೇ ಜಾಸ್ತಿ, ಹರಕೆಗೋ ತಳಿಗೋ, ಅಂದರೆ ಬೇರೆ ಊರಿನ ರೋಗ ಹೊತ್ತು ಬರುವ ಅವಕಾಶ ಅದಕ್ಕೇ ಹೆಚ್ಚು. ಗಿರಿರಾಜದಂಥ ದೊಡ್ಡ ಮೈಯ ತಳಿಯಲ್ಲಿ ತುಂಬಾ ತೂಕ ಬಂದ ಹುಂಜ ಸೆಕೆಗೂ ಬೇಗ ಸೋಲುತ್ತದೆ.

ಹೇಂಟೆಗಳು ಆರಾಮಾಗಿವೆ ಅಂತ ಇವತ್ತೇ ನಿಟ್ಟುಸಿರು ಬಿಡಬೇಡಿ. ಕೊಕ್ಕರೆ ರೋಗ ಅಂದರೆ ಕೋಳಿಗಳನ್ನು ಗುಂಪುಗುಂಪಾಗಿ ಕೊಲ್ಲುವ ಅಂಟುರೋಗ, ಅದರ ವೈರಸ್ ಒಳಗೆ ಹೋಗಿ ಲಕ್ಷಣ ಕಾಣಲು ಸಾಮಾನ್ಯವಾಗಿ 5–6 ದಿನ ಬೇಕು, ಕೆಲವು ಸಲ 15 ದಿನದ ತನಕ.

ಬೆಳ್ಳುಳ್ಳಿ, ಅರಿಶಿನ, ಎಣ್ಣೆ ಕುಡಿಸಬಹುದಾ? ನಮ್ಮಜ್ಜಿ ಹಾಗೇ ಮಾಡ್ತಿದ್ರು.

ಸಿಡುಬಿನ ಗುಳ್ಳೆಗೆ ಅರಿಶಿನ ಎಣ್ಣೆ ಹಚ್ಚಿ, ತೊಂದರೆ ಇಲ್ಲ. ಮೇವಿನಲ್ಲಿ ಒಂದಿಷ್ಟು ಬೆಳ್ಳುಳ್ಳಿ ಸೊಪ್ಪು ಸೇರಿಸಿದರೂ ಏನೂ ಆಗುವುದಿಲ್ಲ. ನನ್ನ ಭಯ ಬೇರೆ: ಕೊಕ್ಕು ಬಿಡಿಸಿ ಎಣ್ಣೆಯನ್ನೋ ಕಷಾಯವನ್ನೋ ಸುರಿಯುವುದು. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದಿರುತ್ತದೆ. ಮೊದಲೇ ಏದುಸಿರು ಬಿಡುತ್ತಿರುವ ಹುಂಜಕ್ಕೆ ಸುರಿದದ್ದು ನೇರ ಶ್ವಾಸಕೋಶಕ್ಕೆ ಇಳಿದರೆ ರೋಗ ಕೊಲ್ಲುವ ಮೊದಲು ನಾವೇ ಕೊಂದ ಹಾಗೆ. ತೀರಾ ಬೇಕಾದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ಅದು ನುಂಗಿದ್ದನ್ನು ನೋಡಿ ಮುಂದಿನ ಹನಿ. ಸೀಮೆಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ. ಮತ್ತೆ, ಮನೆಮದ್ದು ಮಾಡುತ್ತಾ ಎರಡು ದಿನ ಕಳೆದು ಆಮೇಲೆ ಡಾಕ್ಟರಿಗೆ ಫೋನ್ ಮಾಡಿದರೆ ಅಷ್ಟರಲ್ಲಿ ಗೂಡೆಲ್ಲ ಹರಡಿರುತ್ತದೆ.

## ಏನಿರಬಹುದು?

ಒಂದೇ ಹುಂಜ ಸತ್ತಿದೆ, ಬೇರೆ ಯಾವುದಕ್ಕೂ ಏನೂ ಆಗಿಲ್ಲ. ಇದು ರೋಗಾನಾ, ವಿಷಾನಾ?

ಎಷ್ಟು ಸತ್ತವು, ಯಾವ ಅಂತರದಲ್ಲಿ ಸತ್ತವು, ಇದನ್ನು ಮೊದಲು ಬರೆದಿಡಿ. ನನ್ನ ಪ್ರಕಾರ ಲಕ್ಷಣಗಳಿಗಿಂತ ಇದೇ ಜಾಸ್ತಿ ಹೇಳುತ್ತದೆ.

ಒಂದೇ ಗಂಟೆಯಲ್ಲಿ, ಒಟ್ಟಿಗೆ ಮೇಯ್ದು ಬಂದ ನಾಲ್ಕೈದು ಕೋಳಿ ಬಿದ್ದರೆ ವಿಷ ಅಥವಾ ಕೆಟ್ಟ ಮೇವನ್ನು ಮೊದಲು ಅನುಮಾನಿಸಿ. ಅದರಲ್ಲೂ ಹೊಟ್ಟೆಬಾಕ ಕೋಳಿ, ಅಂದರೆ ಎಲ್ಲಕ್ಕಿಂತ ಗಟ್ಟಿಯಾಗಿದ್ದದ್ದೇ ಮೊದಲು ಸತ್ತರೆ ಇನ್ನೂ ಅನುಮಾನ. ಇವತ್ತು ಒಂದು, ನಾಳೆ ಎರಡು, ನಾಡಿದ್ದು ಐದು ಅಂತ ಏರುತ್ತಾ ಹೋದರೆ ಅಂಟುರೋಗ. ಒಂದೇ ಒಂದು ಸತ್ತು ಎರಡು ಮೂರು ವಾರ ಏನೂ ಇಲ್ಲದಿದ್ದರೆ ಹಾವು, ಹೃದಯ, ಒಳಗಿನ ಗಾಯ, ಮೇವಿನ ಚೀಲ ಕಟ್ಟಿದ್ದು, ಇಂಥದ್ದು.

ಹಾವಿನದ್ದಾದರೆ ಕಾಲಲ್ಲೋ ಮುಖದಲ್ಲೋ ಊತ, ಕಪ್ಪಾದ ಕಲೆ ಕೆಲವು ಸಲ ಕಾಣುತ್ತದೆ, ಪುಕ್ಕ ಸರಿಸಿ ನೋಡಬೇಕು. ಮೇವಿನ ಚೀಲ ಎಂದರೆ ಎದೆಯ ಮೇಲ್ಭಾಗದಲ್ಲಿ, ಕುತ್ತಿಗೆ ಬುಡದಲ್ಲಿ ಸಿಗುವ ಚೀಲ. ರಾತ್ರಿ ತುಂಬಿದ್ದು ಬೆಳಿಗ್ಗೆ ಖಾಲಿ ಆಗಿರಬೇಕು. ಬೆಳಿಗ್ಗೆಯೂ ಕಲ್ಲಿನ ಹಾಗೆ ಗಟ್ಟಿ ಇದ್ದರೆ ಉದ್ದ ಹುಲ್ಲೋ ಪ್ಲಾಸ್ಟಿಕ್ಕೋ ಸಿಕ್ಕಿಕೊಂಡಿದೆ. ನೀರು ತುಂಬಿದ ಹಾಗೆ ಮೆತ್ತಗಿದ್ದು ಹುಳಿ ವಾಸನೆ ಬಂದರೆ ಒಳಗೆ ಕೊಳೆತಿದೆ. ತಲೆಕೆಳಗೆ ಹಿಡಿದು ಹಿಂಡಬೇಡಿ, ಡಾಕ್ಟರಿಗೆ ಬಿಡಿ.

ಯಾವ ರೋಗ ಅಂತ ಹಿಕ್ಕೆ ನೋಡಿ ಹೇಳಕ್ಕಾಗುತ್ತಾ?

ಅಂದಾಜು ಮಾಡಬಹುದು, ತೀರ್ಮಾನ ಮಾಡಕ್ಕಾಗಲ್ಲ. ಹಿಕ್ಕೆಯಲ್ಲಿ ರಕ್ತ ಇದ್ದು ಕೋಳಿ ಎರಡು ತಿಂಗಳ ಒಳಗಿನದ್ದಾದರೆ ರಕ್ತಭೇದಿ ಇರಬಹುದು. ಇದಕ್ಕೆ ನೀರಿಗೆ ಹಾಕುವ ಆಂಪ್ರೋಲಿಯಂ ಅಂತ ಔಷಧಿ ಇದೆ, ಬೇಗ ಕೊಟ್ಟರೆ ಉಳಿಯುತ್ತವೆ. ಹಸಿರು–ಬಿಳಿ ನೀರು ಹಿಕ್ಕೆ ಕೊಕ್ಕರೆ ರೋಗದಲ್ಲೂ ಬರುತ್ತದೆ, ಕಾಲರಾದಲ್ಲೂ ಬರುತ್ತದೆ, ಎರಡು ದಿನ ಏನೂ ತಿನ್ನದ ಯಾವ ಕೋಳಿಯಲ್ಲೂ ಬರುತ್ತದೆ. ಹಸಿರು ಕಂಡ ತಕ್ಷಣ ಹೆಸರಿಡಬೇಡಿ.

ಕುತ್ತಿಗೆ ತಿರುಚಿಕೊಂಡಿದೆ, ಒಂದು ಕಾಲು ಎಳೀತಿದೆ. ಇದು ಕೊಕ್ಕರೆ ರೋಗಾನಾ?

ಇರಬಹುದು, ಮತ್ತು ಮಲೆನಾಡಿನ ಮನೆಕೋಳಿಗಳನ್ನು ಊರೂರೇ ಖಾಲಿ ಮಾಡುವುದು ಇದೇ. ಡಾಕ್ಟರು ರಾಣಿಖೇತ್ ಅನ್ನುತ್ತಾರೆ. ಕಳೆದ ಶತಮಾನದ 20ರ ದಶಕದಲ್ಲೇ ನಮ್ಮ ದೇಶದಲ್ಲಿ ಗುರುತಿಸಿದ ವೈರಸ್ ರೋಗ, ಇವತ್ತಿಗೂ ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಬಾಯಿ ತೆರೆದು ಉಸಿರು, ಗೊರಗೊರ ಶಬ್ದ, ಹಸಿರು ಭೇದಿ, ಆಮೇಲೆ ರೆಕ್ಕೆ ಜೋತು ಬೀಳುವುದು, ಕುತ್ತಿಗೆ ತಿರುಚುವುದು, ಸುತ್ತು ಹೊಡೆಯುವುದು. ಲಸಿಕೆ ಇಲ್ಲದ ಗೂಡಿನಲ್ಲಿ ಜೋರಾದ ತಳಿಯ ವೈರಸ್ ಬಂದರೆ ಬಹುಪಾಲು ಕೋಳಿಗಳು ಹೋಗುತ್ತವೆ.

ಆದರೆ ಕಾಲಿನ ತೊಂದರೆ ಎಲ್ಲ ಇದೇ ಅಲ್ಲ. ಎರಡರಿಂದ ಐದು ತಿಂಗಳ ಪಡ್ಡೆ ಹುಂಜ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಮಲಗಿದ್ದು, ಕಣ್ಣು ಚುರುಕಾಗಿದ್ದು, ಕೊಟ್ಟರೆ ತಿನ್ನುತ್ತಿದ್ದರೆ ಮಾರೆಕ್ಸ್ ರೋಗ ಇರಬಹುದು. ತಲೆ ಬೆನ್ನ ಮೇಲೆ ಮಡಚಿ ಆಕಾಶ ನೋಡುತ್ತಿದ್ದರೆ ಬಿ1 ವಿಟಮಿನ್ ಕೊರತೆಯಲ್ಲೂ ಹಾಗಾಗುತ್ತದೆ, ಬಿ ಕಾಂಪ್ಲೆಕ್ಸ್ ಕೊಟ್ಟರೆ ಬೇಗ ಚೇತರಿಸಿಕೊಳ್ಳುತ್ತದೆ. ಇನ್ನು ಕುತ್ತಿಗೆ ತಿರುಚದೆ ಬಟ್ಟೆಯ ಹಾಗೆ ಸಡಿಲ ಬಿದ್ದು, ಪುಕ್ಕ ಎಳೆದರೆ ಸುಲಭವಾಗಿ ಬಂದರೆ ಎಲ್ಲೋ ಕೊಳೆತ ಹೆಣದ ಹುಳ ತಿಂದಿದೆ ಎಂದು ಹುಡುಕಿ. ಗೊಬ್ಬರಗುಂಡಿಯ ಹತ್ತಿರ ಸತ್ತ ಇಲಿಯೋ ಹೆಗ್ಗಣವೋ ಸಿಗಬಹುದು. ಆ ಹುಳದಲ್ಲಿರುವ ವಿಷ ನರಗಳನ್ನು ಹಿಡಿಯುತ್ತದೆ.

ಮುಖ ಊದಿಕೊಂಡು ಕಣ್ಣೇ ಮುಚ್ಚಿದೆ. ಜುಟ್ಟಿನ ಮೇಲೆ ಗುಳ್ಳೆ ಬೇರೆ.

ಗುಳ್ಳೆ ಒಣಗಿ ಕಪ್ಪು ಹಕ್ಕಳೆ ಆಗುತ್ತಿದ್ದರೆ ಸಿಡುಬು. ಸೊಳ್ಳೆ ಹರಡುತ್ತದೆ, ಹಾಗಾಗಿ ಮಳೆ ಶುರುವಾದ ಮೇಲೆ ಜಾಸ್ತಿ. ಚರ್ಮದ ಮೇಲೆ ಮಾತ್ರ ಇದ್ದರೆ ದೊಡ್ಡ ಕೋಳಿ ಸಾಮಾನ್ಯವಾಗಿ ಉಳಿಯುತ್ತದೆ. ಬಾಯೊಳಗೆ ಹಳದಿ ಪದರ ಕಟ್ಟಿದರೆ ಕಷ್ಟ. ಊತದ ಜೊತೆ ಮೂಗಲ್ಲಿ ದುರ್ವಾಸನೆಯ ಸಿಂಬಳ ಇದ್ದರೆ ಕೊರೈಜಾ ಎನ್ನುವ ಶೀತದ ರೋಗ, ಇದು ಬ್ಯಾಕ್ಟೀರಿಯಾದ್ದು, ಡಾಕ್ಟರು ಔಷಧಿ ಕೊಟ್ಟರೆ ಇಳಿಯುತ್ತದೆ. ಗಲ್ಲದ ಕೆಳಗಿನ ಜೋಲು ಮಾತ್ರ ಬಿಸಿಯಾಗಿ ಊದಿದ್ದರೆ ಹುಂಜಗಳಲ್ಲಿ ನಿಧಾನವಾಗಿ ಇರುವ ಕೋಳಿ ಕಾಲರಾವನ್ನು ಅನುಮಾನಿಸುತ್ತಾರೆ. ಮುಖ ಊದಿ ಜುಟ್ಟು ನೀಲಿಗಟ್ಟಿ ಒಂದರ ಹಿಂದೊಂದು ಸಾಯುತ್ತಿದ್ದರೆ ಕೆಳಗೆ ಹಕ್ಕಿಜ್ವರದ ಬಗ್ಗೆ ಬರೆದದ್ದನ್ನು ಈಗಲೇ ಓದಿ.

ತೋಟಕ್ಕೆ ಬೋರ್ಡೋ ಹೊಡೆದ ಮಾರನೇ ದಿನವೇ ಸತ್ತಿದ್ದು. ಮೈಲುತುತ್ತ ಕಾರಣಾನಾ?

ಅಡಿಕೆ ಗೊನೆಗೆ ಹೊಡೆದ ಔಷಧಿಯ ಹನಿ ಕೆಳಗೆ ಬಿದ್ದದ್ದರಿಂದ ಕೋಳಿ ಸಾಯುವುದು ಕಡಿಮೆ. ಶೇ. 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, ಅದೂ ಸುಣ್ಣ ಸೇರಿದ್ದು. ಅಪಾಯ ಇರುವುದು ಬ್ಯಾರಲ್ ಬುಡದಲ್ಲಿ. ಮೈಲುತುತ್ತ ಕರಗಿಸಿದ ಬಕೆಟ್, ಚೆಲ್ಲಿದ ಹರಳು, ಉಳಿದದ್ದನ್ನು ಸುರಿದ ಗುಂಡಿ. ಅಲ್ಲಿ ನೀರು ಕುಡಿದ ಕೋಳಿಗೆ ನೀಲಿ–ಹಸಿರು ಭೇದಿ ಆಗುತ್ತದೆ. ಸತ್ತದ್ದನ್ನು ಕೊಯ್ದು ನೋಡಿದ ಡಾಕ್ಟರಿಗೆ ಮೇವಿನ ಚೀಲದಲ್ಲೇ ಆ ಬಣ್ಣ ಸಿಗಬಹುದು.

ಅದಕ್ಕಿಂತ ನನಗೆ ಭಯ ಇರುವುದು ಕಾಳಿನ ರೂಪದ ವಿಷಗಳ ಬಗ್ಗೆ. ಶುಂಠಿ ಪಟ್ಟೆಗೆ, ಬಾಳೆ ಬುಡಕ್ಕೆ, ಬೇರುಹುಳಕ್ಕೆ ಹಾಕುವ ಫೋರೇಟ್ ಹರಳು 2020ರ ಕೊನೆಗೆ ನಮ್ಮ ದೇಶದಲ್ಲಿ ನಿಷೇಧವಾಗಿದೆ, ಆದರೆ ಕೊಟ್ಟಿಗೆ ಅಟ್ಟದ ಮೇಲೆ ಹಳೆ ಪೊಟ್ಟಣ ಇರುವ ಮನೆಗಳಿವೆ. ಕೋಳಿ ಅದನ್ನು ಕಾಳು ಅಂತಲೇ ಹೆಕ್ಕುತ್ತದೆ. ಜೊಲ್ಲು, ನಡುಕ, ಉಸಿರುಗಟ್ಟುವುದು, ಆಮೇಲೆ ಸಾವು, ಎಲ್ಲ ಬೇಗ ಬೇಗ. ಔಷಧಿ ಸವರಿದ ಬಿತ್ತನೆ ಭತ್ತ, ಜೋಳ, ಇಲಿ ಪಾಷಾಣ, ಇವೂ ಹಾಗೇ. ವಿಷದ ಅನುಮಾನ ಇದ್ದರೆ ಆ ಕೋಳಿಯನ್ನು ನಾಯಿಗೂ ಹಾಕಬೇಡಿ, ನಾಯಿಯೂ ಹೋಗುತ್ತದೆ. ಪಕ್ಕದ ತೋಟದವರ ಮೇಲೆ ಜಗಳಕ್ಕೆ ಹೋಗುವ ಮೊದಲು ಹೆಣವನ್ನು ಪರೀಕ್ಷೆಗೆ ಕೊಡಿ. ಕೊಕ್ಕರೆ ರೋಗಕ್ಕೆ "ವಿಷ ಹಾಕಿದರು" ಅಂತ ಎರಡು ಮನೆ ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ, ತುಂಬಾ ಬೇಜಾರಿನ ವಿಷಯ ಅದು.

ನಮ್ಮಲ್ಲಿ ಮಳೆಗಾಲ ಬಂತು ಅಂದ್ರೆ ಸಾಕು, ಒಂದಲ್ಲ ಒಂದು ಜಡ್ಡು. ಯಾಕೆ?

ಥಂಡಿಯೊಂದೇ ಕಾರಣ ಅಲ್ಲ. ಒದ್ದೆ ನೆಲ, ಮುಚ್ಚಿದ ಗೂಡು, ಬೂಷ್ಟು ಹಿಡಿದ ಮೇವು, ಇವು ಮೂರೂ ಸೇರುತ್ತವೆ. ಆಗುಂಬೆ, ಹುಲಿಕಲ್ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೂಡಿನ ನೆಲ ಒಣಗುವುದೇ ಇಲ್ಲ ಅಲ್ವಾ, ಆ ತೇವದಲ್ಲಿ ರಕ್ತಭೇದಿ ತರುವ ಸೂಕ್ಷ್ಮಜೀವಿಯ ಮೊಟ್ಟೆ, ಜಂತುಹುಳದ ಮೊಟ್ಟೆ ಎರಡೂ ಬಲಿಯುತ್ತವೆ. ಮಳೆ ಹೊಡೆತಕ್ಕೆ ಪ್ಲಾಸ್ಟಿಕ್ ತಾಡಪಾಲು ಸುತ್ತಿ ಗಾಳಿಯೇ ಆಡದ ಹಾಗೆ ಮಾಡುತ್ತೇವೆ, ಒಳಗೆ ಹಿಕ್ಕೆಯ ಗಾಟು ಏರಿ ಕೋಳಿಯ ಕಣ್ಣು, ಶ್ವಾಸನಾಳ ಸುಡುತ್ತದೆ. ಮೂಗಿಗೆ ಗಾಟು ಹೊಡೆದರೆ ಮೇಲ್ಗಡೆ ಗಾಳಿಗೆ ಜಾಗ ಬಿಡಿ. ನೆಲದಿಂದ ಎರಡಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿದರೆ ಅರ್ಧ ತೊಂದರೆ ಕಡಿಮೆ.

ಮೇವಿನ ವಿಷಯ ಇನ್ನೂ ಗಂಭೀರ. ಬೂಷ್ಟು ಬಂದ ಮೆಕ್ಕೆಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎನ್ನುವ ವಿಷ ಇರುತ್ತದೆ. ತೊಳೆದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅದು ಯಕೃತ್ತನ್ನು ಕೆಡಿಸುತ್ತದೆ, ರೋಗ ತಡೆಯುವ ಶಕ್ತಿಯನ್ನೂ ಇಳಿಸುತ್ತದೆ. "ನಮಗಾಗಲ್ಲ, ಕೋಳಿಗೆ ಹಾಕೋಣ" ಅಂತ ಬೂಷ್ಟು ಕಾಳು ಎತ್ತಿಡಬೇಡಿ.

ಮಂಗನ ಕಾಯಿಲೆ ಕೋಳಿಗೂ ಬರುತ್ತಾ? ನಮ್ಮೂರಲ್ಲಿ ಮಂಗ ಸತ್ತಿತ್ತು.

ಕೋಳಿ ಸಾವಿಗೆ ಅದು ಕಾರಣ ಅಂತ ತಿಳಿಯಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಆ ಕಾಯಿಲೆ ಉಣುಗಿನಿಂದ ಹರಡಿ ಮಂಗಗಳನ್ನೂ ಮನುಷ್ಯರನ್ನೂ ಕಾಡುತ್ತದೆ. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ಹತ್ತಿರ ಹೋಗಬೇಡಿ. ಕೋಳಿಗೆ ಬೇರೆ ಜಾತಿಯ ಉಣುಗು ಇದೆ, ಗೂಡಿನ ಮರದ ಸಂದಿಯಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುತ್ತದೆ. ಜುಟ್ಟು ಬಿಳಿಚಿಕೊಂಡು ಸೊರಗುತ್ತಿದ್ದರೆ ರಾತ್ರಿ ಟಾರ್ಚ್ ಹಿಡಿದು ಸಂದಿಗಳನ್ನು ನೋಡಿ.

ಚೌಡಿಗೆ ಅಂತ ಬಿಟ್ಟ ಹುಂಜ. ಯಾರದೋ ಕಣ್ಣು ಬಿತ್ತು ಅಂತ ಮನೇಲಿ ಹೆದರಿದ್ದಾರೆ.

ಹರಕೆಯ ಹುಂಜ ಹೀಗಾದರೆ ಮನಸ್ಸಿಗೆ ಎಷ್ಟು ಕಸಿವಿಸಿ ಅಂತ ನನಗೆ ಗೊತ್ತು. ದೇವರಿಗೆ ಏನು ಸಲ್ಲಿಸಬೇಕೋ ಅದನ್ನು ಮನೆಯ ಹಿರಿಯರು ನೋಡಿಕೊಳ್ಳಲಿ, ಜೊತೆಗೆ ಈ ಹುಂಜವನ್ನೂ ಉಳಿದವುಗಳಂತೆಯೇ ಬೇರೆ ಇಡಿ, ಡಾಕ್ಟರಿಗೆ ತೋರಿಸಿ. ಒಂದಕ್ಕೊಂದು ಅಡ್ಡಿ ಇಲ್ಲ. ಜಡ್ಡಿನ ಹುಂಜವನ್ನು ಮಾತ್ರ ಬನಕ್ಕೆ ಒಯ್ಯಬೇಡಿ, ಅಲ್ಲಿಗೆ ಹತ್ತು ಮನೆಯ ಕೋಳಿ ಬರುತ್ತವೆ.

## ಡಾಕ್ಟರು, ಔಷಧಿ, ಪರೀಕ್ಷೆ

ಒಂದು ಕೋಳಿಗೆ ಅಂತ ಡಾಕ್ಟರು ಬರ್ತಾರಾ?

ಒಂದು ಕೋಳಿಗೆ ಬರುವುದು ಕಷ್ಟ, ನಿಜ. ದನದ ಹೆರಿಗೆ ಬಿಟ್ಟು ಹುಂಜ ನೋಡಲು ಬನ್ನಿ ಅನ್ನಕ್ಕಾಗಲ್ಲ. ಆದರೆ ಹೋಬಳಿಯ ಪಶು ಆಸ್ಪತ್ರೆಗೆ ಫೋನ್ ಮಾಡಿ ವಿಡಿಯೋ ಕಳಿಸಿದರೆ ಬಹಳ ಸಲ ಉತ್ತರ ಸಿಗುತ್ತದೆ. 1962 ಪಶುಗಳ ಸಹಾಯವಾಣಿ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. "ಒಂದು ಹುಂಜ ಜಡ್ಡು" ಅನ್ನುವುದಕ್ಕಿಂತ "ನಾಲ್ಕು ದಿನದಲ್ಲಿ ಆರು ಸತ್ತಿವೆ, ಪಕ್ಕದ ಮನೆಯಲ್ಲೂ ಶುರುವಾಗಿದೆ" ಎಂದು ಲೆಕ್ಕ ಕೊಟ್ಟು ಹೇಳಿ, ಆಗ ಅದು ಊರಿನ ವಿಷಯ ಅಂತ ಅವರಿಗೂ ತಿಳಿಯುತ್ತದೆ.

ಮೆಡಿಕಲ್ ಶಾಪಲ್ಲಿ ಆಂಟಿಬಯಾಟಿಕ್ ತಂದು ನೀರಿಗೆ ಹಾಕಿದ್ರೆ ಸಾಕಲ್ವಾ?

ಸಾಲದು. ಕೊಕ್ಕರೆ ರೋಗ, ಸಿಡುಬು, ಮಾರೆಕ್ಸ್, ಹಕ್ಕಿಜ್ವರ ಎಲ್ಲ ವೈರಸ್. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡುವುದಿಲ್ಲ. ಮನುಷ್ಯರ ಮಾತ್ರೆ ಅರ್ಧ ಮುರಿದು ಕೊಟ್ಟು, ಒಂದು ದಿನಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಇದ್ದರೂ ಪೂರ್ತಿ ಸಾಯುವುದಿಲ್ಲ, ಔಷಧಿಗೆ ಬಗ್ಗದ ತಳಿ ಉಳಿಯುತ್ತದೆ, ಅದು ನಮಗೂ ಬರುತ್ತದೆ. ಡಾಕ್ಟರು ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ, ಮತ್ತೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಅಂತ ಅಲ್ಲೇ ಕೇಳಿ ಬನ್ನಿ.

ಸತ್ತ ಹುಂಜವನ್ನ ಪರೀಕ್ಷೆಗೆ ತಗೊಂಡು ಹೋಗೋದು ಹೇಗೆ?

ಈ ಪ್ರಶ್ನೆ ಕೇಳುವವರು ಕಡಿಮೆ, ಎಲ್ಲರೂ ಕೇಳಬೇಕಾದ್ದು ಇದೇ. ಬದುಕಿರುವ ಕೋಳಿಯನ್ನು ಹೊರಗಿನಿಂದ ನೋಡಿ ಹೇಳುವುದಕ್ಕಿಂತ ಸತ್ತದ್ದನ್ನು ಕೊಯ್ದು ನೋಡಿ ಹೇಳುವುದು ಎಷ್ಟೋ ಖಚಿತ. ಜಠರದ ಒಳಪದರದಲ್ಲಿ ರಕ್ತದ ಚುಕ್ಕೆ, ಯಕೃತ್ತಿನಲ್ಲಿ ಬಿಳಿ ಚುಕ್ಕೆ, ಕರುಳಲ್ಲಿ ಹುಳದ ಗಂಟು, ಮೇವಿನ ಚೀಲದಲ್ಲಿ ವಿಷದ ಹರಳು, ಇದೆಲ್ಲ ಒಳಗೇ ಇರುತ್ತದೆ. ಆ ಒಂದು ಹುಂಜದಿಂದ ಉಳಿದ ಇಪ್ಪತ್ತಕ್ಕೆ ಏನು ಮಾಡಬೇಕು ಎಂದು ತಿಳಿಯುತ್ತದೆ.

ಮೊದಲು ಫೋನ್ ಮಾಡಿ. ತುಂಬಾ ಕೋಳಿ ಒಟ್ಟಿಗೆ ಸತ್ತಿದ್ದರೆ ಹೆಣ ಹೊತ್ತು ಬಸ್ಸು ಹತ್ತಬೇಡಿ, ಇಲಾಖೆಯವರೇ ಬಂದು ಮಾದರಿ ತೆಗೆಯಬೇಕಾಗುತ್ತದೆ. ತನ್ನಿ ಅಂದರೆ ಕೈಗೆ ಗ್ಲೌಸ್ ಇಲ್ಲವೇ ಪ್ಲಾಸ್ಟಿಕ್ ಕವರ್ ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಕಟ್ಟಿ, ಹೆಣವನ್ನು ಸೋಪು ನೀರಲ್ಲಿ ಒದ್ದೆ ಮಾಡಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಇಟ್ಟು ಅದೇ ದಿನ ತಲುಪಿಸಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ, ಒಳಗಿನ ಭಾಗ ಕೆಡುತ್ತದೆ. ಮನೆಯಲ್ಲಿ ನೀವೇ ಕೊಯ್ಯಬೇಡಿ.

ಸಾಯೋ ಮೊದಲೇ ಕುಯ್ದು ಸಾರು ಮಾಡಿದ್ರೆ ಏನು ತಪ್ಪು? ಬೇಯಿಸಿದ್ರೆ ಎಲ್ಲ ಸಾಯುತ್ತಲ್ವಾ?

ಬೇಯಿಸಿದರೆ ವೈರಸ್ ಸಾಯುತ್ತದೆ, ಹಕ್ಕಿಜ್ವರದ್ದೂ 70 ಡಿಗ್ರಿ ದಾಟಿ ಪೂರ್ತಿ ಬೆಂದರೆ ಸಾಯುತ್ತದೆ. ತೊಂದರೆ ಪಾತ್ರೆಯಲ್ಲಲ್ಲ, ಕುಯ್ಯುವ ಕೈಯಲ್ಲಿ. ಕುಯ್ಯುವಾಗ, ಪುಕ್ಕ ಕೀಳುವಾಗ, ಕರುಳು ತೆಗೆಯುವಾಗ ರಕ್ತ, ಹಿಕ್ಕೆಯ ಹನಿ ಮೂಗು ಬಾಯಿಗೆ ಹೋಗುತ್ತದೆ, ಮತ್ತು ಆ ಕೆಲಸ ಮನೆಯ ಹೆಂಗಸರದ್ದು, ಪಕ್ಕದಲ್ಲಿ ಮಕ್ಕಳು. ಹಕ್ಕಿಜ್ವರ ಮನುಷ್ಯರಿಗೆ ಬಂದ ಎಷ್ಟೋ ಕಡೆ ದಾರಿ ಇದೇ: ಜಡ್ಡಿನ ಅಥವಾ ಸತ್ತ ಕೋಳಿಯನ್ನು ಮುಟ್ಟಿದ್ದು, ಕುಯ್ದಿದ್ದು. ಇನ್ನು ವಿಷದಿಂದ ಬಿದ್ದ ಕೋಳಿಯ ವಿಷ ಬೇಯಿಸಿದರೆ ಹೋಗುತ್ತದೆ ಅನ್ನುವ ನಂಬಿಕೆ ಬೇಡ. ಕುಯ್ದ ಪುಕ್ಕ, ಕರುಳು ತಿಪ್ಪೆಗೆ ಹೋಗುತ್ತದೆ, ಅಲ್ಲಿ ಉಳಿದ ಕೋಳಿಗಳೇ ಕೆದಕುತ್ತವೆ.

ನಾಟಿ ಹುಂಜಕ್ಕೆ ಬೆಲೆ ಇದೆ, ಹಾಗೇ ಹೂಳುವುದು ಕರುಳು ಕಿವುಚುವ ಕೆಲಸ, ಒಪ್ಪುತ್ತೇನೆ. ಆದರೂ ತಿನ್ನಬೇಡಿ. ಅಗ್ಗಕ್ಕೆ ಸಂತೆಗೆ ಕೊಡುವುದಂತೂ ಬೇಡವೇ ಬೇಡ, ಅದು ಇನ್ನೊಬ್ಬರ ಗೂಡಿಗೆ ಬೆಂಕಿ ಇಟ್ಟ ಹಾಗೆ.

ಸತ್ತದ್ದನ್ನ ಹಳ್ಳಕ್ಕೆ ಎಸೆದ್ರೆ ಮಳೆಗೆ ಹೋಗುತ್ತಲ್ವಾ?

ಕೆಳಗಿನ ಮನೆಯವರು ಅದೇ ನೀರಿನಲ್ಲಿದ್ದಾರೆ. ಬಾವಿ, ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಕನಿಷ್ಠ ಮೂರಡಿ ಗುಂಡಿ ತೋಡಿ, ಸುಣ್ಣ ಹಾಕಿ, ಹೂತು, ಮೇಲೆ ಕಲ್ಲಿಡಿ. ಇಲ್ಲದಿದ್ದರೆ ನಾಯಿ, ನರಿ ತೆಗೆಯುತ್ತವೆ. ಕಾಡಂಚಿಗೂ ಎಸೆಯಬೇಡಿ, ಅಲ್ಲಿ ಕಾಡುಕೋಳಿ ಇವೆ.

## ಮುಂದೆ ಹೀಗಾಗದ ಹಾಗೆ

ಹತ್ತು ಕೋಳಿಗೆ ಲಸಿಕೆ ಎಲ್ಲಿ ಸಿಗುತ್ತೆ? ಬಾಟ್ಲಿ ನೂರು ಡೋಸ್‌ದು ಅಂತಾರೆ.

ಅದಕ್ಕೇ ಒಬ್ಬರೇ ಮಾಡುವ ಕೆಲಸ ಅಲ್ಲ ಇದು. ಕೇರಿಯ ಹತ್ತು ಮನೆ ಸೇರಿ ಒಂದು ದಿನ ಗೊತ್ತುಮಾಡಿ, ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ಕೊಕ್ಕರೆ ರೋಗಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಎಫ್-1 ಅಥವಾ ಲಾಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ. 8 ವಾರ ದಾಟಿದ ಮೇಲೆ ಆರ್‌2ಬಿ, ಚುಚ್ಚುಮದ್ದು. ಆಮೇಲೆ ಎಷ್ಟು ತಿಂಗಳಿಗೊಮ್ಮೆ ಅಂತ ನಿಮ್ಮ ಡಾಕ್ಟರು ಹೇಳುತ್ತಾರೆ. ಸಿಡುಬಿಗೆ ಬೇರೆ ಲಸಿಕೆ, ರೆಕ್ಕೆಯ ಚರ್ಮಕ್ಕೆ ಚುಚ್ಚುತ್ತಾರೆ.

ಕೆಡುವುದೆಲ್ಲ ದಾರಿಯಲ್ಲಿ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು, ಐಸ್ ಹಾಕಿದ ಫ್ಲಾಸ್ಕಿನಲ್ಲಿ ತರಬೇಕು, ಅಂಗಿ ಜೇಬಿನಲ್ಲಿ ತಂದರೆ ಬರೀ ನೀರು ಚುಚ್ಚಿದ ಹಾಗೆ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ, ಉಳಿದದ್ದನ್ನು ನಾಳೆಗೆ ಇಡಬೇಡಿ. ಬೆಳಿಗ್ಗೆ ಗೂಡು ತೆಗೆಯುವ ಮೊದಲೇ ಹಾಕಿದರೆ ಕೋಳಿ ಹಿಡಿಯಲು ತೋಟವೆಲ್ಲ ಓಡುವುದು ತಪ್ಪುತ್ತದೆ. ಒಂದು ವಾರ ಮೊದಲು ಜಂತುಹುಳದ ಔಷಧಿ ಕೊಟ್ಟಿದ್ದರೆ ಒಳ್ಳೆಯದು.

ಲಸಿಕೆ ಹಾಕ್ಸಿದ ವಾರದಲ್ಲೇ ಸತ್ತವು. ಲಸಿಕೆಯಿಂದಲೇ ಅಲ್ವಾ?

ಬಹುಪಾಲು ಸಲ ರೋಗ ಆಗಲೇ ಒಳಗೆ ಸೇರಿರುತ್ತದೆ. ಪಕ್ಕದ ಮನೆಯಲ್ಲಿ ಸತ್ತ ಸುದ್ದಿ ಕೇಳಿದ ಮೇಲೆ ಲಸಿಕೆಗೆ ಓಡಿದರೆ ಹೀಗಾಗುತ್ತದೆ. ರಕ್ಷಣೆ ಬರಲು ಒಂದೆರಡು ವಾರ ಬೇಕು. ಜಡ್ಡಿನ ಕೋಳಿಗೆ ಲಸಿಕೆ ಹಾಕಬಾರದು. ಒಂದೇ ಸೂಜಿಯನ್ನು ಜಡ್ಡಿನದ್ದಕ್ಕೂ ಗಟ್ಟಿಯದ್ದಕ್ಕೂ ಬಳಸಿದರೆ ಸೂಜಿಯೇ ರೋಗ ದಾಟಿಸುತ್ತದೆ.

ಇದು ಹಕ್ಕಿಜ್ವರ ಇರಬಹುದಾ? ತಿಳಿಸಿದ್ರೆ ಎಲ್ಲ ಕೋಳಿ ಕೊಲ್ತಾರಂತೆ, ಅದಕ್ಕೇ ಭಯ.

ಭಯ ಅರ್ಥ ಆಗುತ್ತದೆ. ಭಾರತದಲ್ಲಿ ಇದು ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. 2020ರ ಮಾರ್ಚ್‌ನಲ್ಲಿ ಮೈಸೂರಿನಲ್ಲೂ, ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನಲ್ಲೂ ಬಂದಿತ್ತು. ಹಾಗಾಗಿ ನಮಗೆ ಬರುವುದೇ ಇಲ್ಲ ಅನ್ನುವ ಹಾಗಿಲ್ಲ. ಬೆನ್ನು ಬೆನ್ನಿಗೆ ಸಾವು, ತಲೆ ಊತ, ನೀಲಿ ಜುಟ್ಟು, ಕಾಲಿನ ಮೇಲೆ ಕೆಂಪು ರಕ್ತದ ಮಚ್ಚೆ, ಜೊತೆಗೆ ಕೆರೆಯ ಹತ್ತಿರ ಕಾಗೆ, ನೀರುಹಕ್ಕಿ ಸತ್ತದ್ದು ಕಂಡರೆ ತಡಮಾಡಬೇಡಿ. ಕಣ್ಣಳತೆಯಲ್ಲಿ ಇದನ್ನೂ ಕೊಕ್ಕರೆ ರೋಗವನ್ನೂ ಬೇರೆ ಮಾಡಕ್ಕಾಗಲ್ಲ, ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಖಚಿತ ಆಗಬೇಕು. ಅನುಮಾನ ಬಂದದ್ದೆಲ್ಲ ಹಕ್ಕಿಜ್ವರ ಆಗಿರುವುದಿಲ್ಲ.

ಖಚಿತವಾದರೆ ಸುತ್ತಲಿನ 1 ಕಿ.ಮೀ. ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, 10 ಕಿ.ಮೀ. ತನಕ ನಿಗಾ ಇಡುತ್ತಾರೆ. ಸರ್ಕಾರದ ಪರಿಹಾರ ಇರುವುದು ಇಲಾಖೆ ಕೊಂದ ಕೋಳಿಗಳಿಗೆ, ಅದಕ್ಕೂ ಮೊದಲೇ ಸತ್ತವಕ್ಕಲ್ಲ. ಅಂದರೆ ಮುಚ್ಚಿಟ್ಟಷ್ಟೂ ನಷ್ಟ ನಿಮ್ಮದೇ. ಕೋಳಿ ಮುಟ್ಟಿದವರಿಗೆ 10 ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪು ಬಂದರೆ ಆಸ್ಪತ್ರೆಯಲ್ಲಿ "ಕೋಳಿ ಸತ್ತಿದ್ದವು" ಅಂತ ಬಾಯಿಬಿಟ್ಟು ಹೇಳಿ.

ಹೊರಗಿನಿಂದ ರೋಗ ಬರೋದಾದ್ರೂ ಹೇಗೆ? ನಾವು ಎಲ್ಲಿಗೂ ಕೋಳಿ ಒಯ್ದಿಲ್ಲ.

ನಿಮ್ಮ ಚಪ್ಪಲಿ ಹೋಗಿ ಬಂದಿದೆ. ಸಂತೆಯ ಬುಟ್ಟಿ, ಕೋಳಿ ಅಂಗಡಿಯಿಂದ ನಾಯಿಗೆ ಅಂತ ತಂದ ಕರುಳು ಪುಕ್ಕ, ಪಕ್ಕದ ಮನೆಯಿಂದ ಕಾವಿಗೆ ತಂದ ಹೇಂಟೆ, ಕೋಳಿ ಅಂಕಕ್ಕೆ ಹೋಗಿ ಸೋತು ಬಂದ ಹುಂಜ. ಸಾಗರ, ಶಿವಮೊಗ್ಗದ ಮಾರಿಕಾಂಬಾ ಜಾತ್ರೆ ಹತ್ತಿರ ಬಂದಾಗ ಕೋಳಿಗಳ ಓಡಾಟ ವಿಪರೀತ, ಆಗ ಎಚ್ಚರ ಜಾಸ್ತಿ ಬೇಕು. ಕೋಳಿ ಅಂಗಡಿಯ ತ್ಯಾಜ್ಯ ಮನೆಗೆ ತರುವುದನ್ನು ಇವತ್ತೇ ನಿಲ್ಲಿಸಿ.

ಗೂಡು ಖಾಲಿಯಾಯ್ತು. ಹೊಸ ಹುಂಜ ಯಾವಾಗ ತರಲಿ?

ಹಿಕ್ಕೆ, ಹಾಸಿದ ದರಗು, ಹೊಟ್ಟು ಎಲ್ಲ ಕೆರೆದು ತೆಗೆದು ಸುಡಿ ಇಲ್ಲವೇ ಹೂಳಿ. ಆಮೇಲೆ ಸೋಪು ನೀರಿನಿಂದ ತಿಕ್ಕಿ ತೊಳೆಯಿರಿ, ಆಮೇಲಷ್ಟೇ ಬ್ಲೀಚಿಂಗ್ ಪುಡಿ, ಸುಣ್ಣ. ಗಲೀಜಿನ ಮೇಲೆಯೇ ಬ್ಲೀಚಿಂಗ್ ಚೆಲ್ಲಿದರೆ ಕೆಲಸ ಮಾಡುವುದಿಲ್ಲ. ಬಿಸಿಲಿದ್ದರೆ ನಾಲ್ಕು ವಾರ ಖಾಲಿ ಬಿಡಿ. ಮಳೆಗಾಲವಾದರೆ ಇನ್ನೂ ಜಾಸ್ತಿ, ನನ್ನನ್ನು ಕೇಳಿದರೆ ದೀಪಾವಳಿ ಕಳೆದು ನೆಲ ಒಣಗುವ ತನಕ ಕಾಯಿರಿ. ತಂಪು, ತೇವ ಇದ್ದಲ್ಲಿ ವೈರಸ್ ಜಾಸ್ತಿ ದಿನ ಉಳಿಯುತ್ತದೆ. ತಂದ ಹುಂಜವನ್ನು ಮೂರು ವಾರ ಬೇರೆಯೇ ಇಡಿ, ಗೂಡು ಖಾಲಿ ಇದ್ದರೂ ಸರಿ, ಪಕ್ಕದ ಮನೆ ಕೋಳಿಗಳ ಸಲುವಾಗಿ.

ಬದುಕಿ ಉಳಿದಿದೆ, ಆದ್ರೆ ಕುತ್ತಿಗೆ ಸೊಟ್ಟ. ಇಟ್ಕೊಳ್ಳಬಹುದಾ?

ಇಟ್ಟುಕೊಳ್ಳಿ. ಕೊಕ್ಕರೆ ರೋಗ ದಾಟಿದ ಕೆಲವು ಹುಂಜಗಳಿಗೆ ಆ ಸೊಟ್ಟ ಕೊನೆತನಕ ಉಳಿಯುತ್ತದೆ, ಗಾಬರಿಯಾದಾಗ ಜಾಸ್ತಿಯಾಗುತ್ತದೆ. ಗುರಿಯಿಟ್ಟು ಕಾಳು ಹೆಕ್ಕಲು ಬರುವುದಿಲ್ಲ, ಹಾಗಾಗಿ ಆಳವಿರುವ ಪಾತ್ರೆಯಲ್ಲಿ ಮುದ್ದೆಯ ಹಾಗೆ ಕಲಸಿದ ಮೇವು, ಪಕ್ಕದಲ್ಲೇ ನೀರು ಇಡಿ. ಗೂಡಿಗೆ ಸೇರಿಸಲು ಅವಸರ ಬೇಡ. ವಾಸಿಯಾದಂತೆ ಕಂಡ ಮೇಲೂ ಕೆಲವು ವಾರ ಅದರ ಹಿಕ್ಕೆ, ಉಸಿರಿನಲ್ಲಿ ವೈರಸ್ ಬರುತ್ತಿರಬಹುದು, ಒಂದೆರಡು ತಿಂಗಳು ಬೇರೆಯೇ ಇರಲಿ. ಅಷ್ಟರಲ್ಲಿ ಉಳಿದವಕ್ಕೆ ಲಸಿಕೆ ಮುಗಿಸಿ. ಬಿಟ್ಟ ಮೇಲೆ ಬೇರೆ ಹುಂಜ ಇದ್ದರೆ ಇದನ್ನು ಕುಕ್ಕಿ ಕೊಲ್ಲಬಹುದು, ಮೊದಲ ದಿನಗಳಲ್ಲಿ ಕಣ್ಣಿಟ್ಟಿರಿ, ರಾತ್ರಿ ಎತ್ತರದ ಕೋಲಿಗೆ ಹಾರಲಾಗದಿದ್ದರೆ ಕೆಳಗೆ ಒಂದು ಮೂಲೆ ಮಾಡಿಕೊಡಿ.